ಹದಿನೆಂಟನೆಯ ದಿನ

"ಇಷ್ಟೆಲ್ಲಾ ಯಾರು ಮಾಡಾಕ ಹೇಳಿದ್ರು ನಿಮಗ?"

ಹೊಸ ಮಾಸ್ತರ ಆಡಿದ ಮೊದಲ ಮಾತೇ ಇದು!

ಕಾಶವ್ವನ ಮುಖದ ಮೇಲಿನ ಹಿಗ್ಗು ಅಲ್ಲಿಗೇ ನಿಂತುಹೋಯಿತು. ಬೆಳಿಗ್ಗೆಯಿಂದ ಉಣ್ಣದೆ, ಕೂತಲ್ಲಿಂದ ಏಳದೆ, ಅತ್ತಿಗೆ ಎರಡು ಸಲ ಕರೆದರೂ ಓಗೊಡದೆ ಪಾಟಿಯ ಎರಡೂ ಮಗ್ಗುಲಿಗೆ ಇಪ್ಪತ್ತು ಲೆಕ್ಕ ಮಾಡಿಟ್ಟಿದ್ದಳು. ಮಾಸ್ತರ ನೋಡಿ ಬೆರಗಾಗುತ್ತಾರೆ, ಶಾಭಾಸ್ ಎನ್ನುತ್ತಾರೆ ಎಂದು ಅವಳ ಆಸೆ.

"ಯಾರೂ ಹೇಳಿಲ್ರಿ... ಹುರುಪು ಬಂತು, ಮಾಡಿದೆ."

ಗುರುಪುತ್ರಪ್ಪ ಮಾಸ್ತರ ಒದ್ದೆ ಅರಿವೆ ಕೇಳಿ ಇಸಿದುಕೊಂಡ. ಮೊದಲಿನ ಐದು ಲೆಕ್ಕ ಉಳಿಸಿ, ಮಿಕ್ಕ ಹದಿನೈದನ್ನೂ ಅವಳ ಕಣ್ಣೆದುರಿಗೇ ಒರೆಸಿಬಿಟ್ಟ.

"ಹುರುಪು ನಾಳಿ ಬರೂದಿಲ್ಲ. ನೀವು ಬರಬೇಕು," ಎಂದ. "ದಿನಾ ಐದು ಲೆಕ್ಕ, ಒಂದು ಪುಟ ಶುದ್ಧಲೇಖನ. ಆರು ಮಾಡಿದ್ರ ಒಂದು ಅಳಸತೀನಿ. ನಾಕು ಮಾಡಿದ್ರ ಬಾಗಲದಿಂದ ಹೊಳ್ಳಿ ಹೋಗತೀನಿ."

ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ತುಂಬಿತು. ಅವನು ನೋಡಲಿಲ್ಲವೋ, ನೋಡಿಯೂ ನೋಡದಂತಿದ್ದನೋ... ಪಾಟಿ ಕೆಳಗಿಟ್ಟು ಪಾಠ ಶುರು ಮಾಡಿದ.

ಅದು ಸಾವಿರದ ಒಂಬೈನೂರ ಇಪ್ಪತ್ತೈದರ ಮಳೆಗಾಲ. ಬೆಳಗಾವಿಯ ಖಾಸಬಾಗದಲ್ಲಿ ನೇಕಾರರ ಓಣಿ, ಆ ಓಣಿಯಲ್ಲಿ ದುಂಡಪ್ಪನ ಮನೆ. ಹೊರಪಡಸಾಲೆಯಲ್ಲಿ ದುಂಡಪ್ಪನ ಮಗ್ಗ, ಒಳಪಡಸಾಲೆಯಲ್ಲಿ ಮಗಳು ಕಾಶವ್ವನ ಪಾಠ. ನಡುವಿನ ಬಾಗಿಲು ತೆರೆದೇ ಇರಬೇಕೆಂದು ದುಂಡಪ್ಪ ಕಟ್ಟುಮಾಡಿದ್ದ. ಜನರ ಬಾಯಿ ಎಂಥದೆಂದು ಅವನಿಗೆ ಗೊತ್ತಿತ್ತು.

ಕಾಶವ್ವನಿಗೆ ಇಪ್ಪತ್ತು ವರ್ಷ. ನಂದಗಡಕ್ಕೆ ಸೊಸೆಯಾಗಿ ಹೋಗಿ, ಮೂರು ವರ್ಷ ಬಾಳಿ, ಜ್ವರದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ದುಂಡಪ್ಪನ ಎದೆಯಲ್ಲಿ ಕೆಮ್ಮು ಮನೆಮಾಡಿತ್ತು. ತಾನು ಹೋದಮೇಲೆ ಈ ಹುಡುಗಿ ಅಣ್ಣನ ಅಡುಗೆಮನೆಯಲ್ಲೋ, ಅತ್ತೆಯ ಮನೆಯ ಕೊಟ್ಟಿಗೆಯಲ್ಲೋ ಸವೆದುಹೋಗುತ್ತಾಳೆ ಎಂಬುದೊಂದೇ ಅವನ ಚಿಂತೆ. ಮದುವೆಗೆ ಮುಂಚೆ ನಾಲ್ಕನೆಯ ಇಯತ್ತೆ ಓದಿದ್ದಳು. ಇನ್ನು ಏಳನೆಯದರ ಮುಲ್ಕಿ ಪರೀಕ್ಷೆ ಒಂದು ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಗುತ್ತದೆ, ಯಾರ ಹಂಗೂ ಇರುವುದಿಲ್ಲ ಎಂದು ಯಾರೋ ಹೇಳಿದರು. ಅದಕ್ಕೇ ಈ ಮಾಸ್ತರ.

ಆದರೆ ನಮ್ಮ ಕಾಶವ್ವನ ಸ್ವಭಾವ ಕೇಳಬೇಕೇ! ಹುರುಪು ಬಂದರೆ ಇಡೀ ಮನೆಯನ್ನು ಒಂದೇ ದಿನದಲ್ಲಿ ಸಾರಿಸಿ, ಸುಣ್ಣ ಬಳಿದು ಮುಗಿಸುವವಳು. ಇಳಿದರೆ ಎಂಟು ದಿನ ಕಸಬರಿಗೆಯನ್ನೂ ಮುಟ್ಟದವಳು. ಓದೂ ಹಾಗೆಯೇ. ಗಂಡನ ನೆನಪಾದ ದಿನ ಪುಸ್ತಕ ಬೇಡ. ಅತ್ತಿಗೆ ಚುಚ್ಚಿ ಮಾತಾಡಿದ ದಿನ ಬೇಡ. ಮೋಡ ಕವಿದರೂ ಬೇಡ.

ಮೊದಲ ತಿಂಗಳಲ್ಲಿ ಮಾಸ್ತರ ಎರಡು ಸಲ ಬಾಗಿಲಿಂದಲೇ ತಿರುಗಿ ಹೋದ. ಲೆಕ್ಕ ಮೂರೇ ಆಗಿತ್ತು ಒಂದು ದಿನ. ಇನ್ನೊಂದು ದಿನ ಪಾಟಿಯೇ ಖಾಲಿ ಇತ್ತು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಕೊಡೆ ಬಿಚ್ಚಿ ಮಳೆಯಲ್ಲಿ ಹೊರಟುಹೋದ. ಮೈಲು ದೂರದಿಂದ ನೆನೆಯುತ್ತ ಬಂದವನು ನೆನೆಯುತ್ತಲೇ ಹಿಂದಿರುಗಿದ್ದನ್ನು ನೋಡಿ ಅವಳಿಗೆ ಬೈಗುಳ ತಿಂದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮೂರನೆಯ ಸಲ ಹಾಗಾಗಲಿಲ್ಲ.

ದಿನಾ ಐದು ಲೆಕ್ಕ. ದಿನಾ ಒಂದು ಪುಟ. ಹಬ್ಬದ ದಿನ ಬಿಡುವು ಕೇಳಿದರೆ, ಒಂದೇ ಸಾಲು ಬರೆಯಿರಿ ಎನ್ನುತ್ತಿದ್ದ. ಜ್ವರ ಬಂದ ದಿನ ತಾನೇ ಹಾಳೆಗೆ ಗೆರೆ ಎಳೆದು ಕೊಟ್ಟು, ಅವಳು ನಡುಗುವ ಕೈಯಿಂದ ಒಂದು ಸಾಲು ಮುಗಿಸುವ ತನಕ ಕೂತಿದ್ದ. ಮುಗಿದಮೇಲೆ ಅತ್ತಿಗೆಗೆ ಮೆಣಸಿನ ಕಷಾಯ ಮಾಡಿಕೊಡಲು ಹೇಳಿ ಎದ್ದ. ಹೊರಡುವಾಗ ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ಒಂದೇ ಗಳಿಗೆ... ಕಾಶವ್ವನಿಗೆ ಆ ಜ್ವರ ಇಳಿಯಿತು, ಬೇರೆಯೊಂದು ಏರಿತು.

ಶಾಲೆ ಬಿಟ್ಟು ಅವನು ಬರುವ ಐದು ಗಂಟೆಗೆ ಅವಳ ಕಿವಿ ತಾನಾಗಿ ಓಣಿಯತ್ತ ತಿರುಗತೊಡಗಿತು. ನೂರು ಜನ ನಡೆದರೂ ಆ ಚಪ್ಪಲಿಯ ಸಪ್ಪಳ ಅವಳಿಗೆ ಬೇರೆ ಕೇಳುತ್ತಿತ್ತು.

'ಇವರಿಗೆ ಮನೆಮಂದಿ ಇಲ್ಲವೇ? ಮೂವತ್ತು ದಾಟಿರಬೇಕು. ಹೆಂಡತಿ?' ಎಂದುಕೊಳ್ಳುತ್ತಿದ್ದಳು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾನೆ, ಕೈಯಡುಗೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಅದಕ್ಕಿಂತ ಹೆಚ್ಚು ಯಾರಿಗೂ ತಿಳಿಯದು. ಅವನು ಹೇಳುವವನಲ್ಲ, ಕೇಳಲು ಅವಳಿಗೆ ಧೈರ್ಯವಿಲ್ಲ.

ಸಂಕ್ರಾಂತಿ ಮುಗಿದ ವಾರ ದುಂಡಪ್ಪ ತೀರಿಕೊಂಡ.

ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಕೆಮ್ಮುತ್ತ ಕೆಮ್ಮುತ್ತ ಹಾಗೇ ಮುಂದೆ ಬಾಗಿದ. ಕಾಶವ್ವ ಓಡಿಬಂದು ತಲೆ ಎತ್ತಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಪರೀಕ್ಷೆಗೆ ಇನ್ನು ಎರಡೇ ತಿಂಗಳಿತ್ತು. ಆ ಮಾತು ಅವಳ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಮೂರನೆಯ ದಿನ. ಮನೆ ತುಂಬ ಹೆಂಗಸರು. ಒಬ್ಬಳು ಅಳು ನಿಲ್ಲಿಸಿದರೆ ಇನ್ನೊಬ್ಬಳು ಶುರು ಮಾಡುತ್ತಿದ್ದಳು. ಐದು ಗಂಟೆಗೆ ಮಾಸ್ತರ ಬಂದ.

ಎಂದಿನ ಜಾಗದಲ್ಲೇ ಕೂತ. ಯಾರನ್ನೂ ನೋಡಲಿಲ್ಲ. ಅವಳ ಬರೆಯುವ ಪುಸ್ತಕ ತೆರೆದು, ಮೇಲೆ ತಾರೀಖು ಹಾಕಿ, ಕೆಳಗೆ ಒಂದೇ ಒಂದು ಲೆಕ್ಕ ಬರೆದು, ಅವಳ ಮುಂದೆ ಸರಿಸಿದ.

"ಇವತ್ತ ಒಂದ ಸಾಕು. ಒಂದು ಮಾಡ್ರಿ, ಕಾಶವ್ವ."

ಹೆಂಗಸರ ಅಳು ಗಪ್ಪನೆ ನಿಂತಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಕಾಶವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಪುಸ್ತಕ ಎಳೆದುಕೊಂಡಳು. ಈ ಮನುಷ್ಯನಿಗಾಗಿ ತಾನು ದಿನಾ ಐದು ಗಂಟೆಯಾಗುವುದನ್ನು ಕಾಯುತ್ತಿದ್ದೆನೇ? ಒಂದು ಸಮಾಧಾನದ ಮಾತು ಆಡದೆ, 'ಅಪ್ಪ' ಎಂಬ ಶಬ್ದ ಎತ್ತದೆ... ಲೆಕ್ಕವೇ?

ಹಾಳೆ ಕಿತ್ತು ನಾಲ್ಕು ಚೂರು ಮಾಡಿ ಅವನ ಮುಂದೆ ಎಸೆದಳು.

"ನಮ್ಮಪ್ಪನ ಮ್ಯಾಲಿನ ಮಣ್ಣು ಇನ್ನಾ ಹಸೀ ಐತ್ರಿ. ನಿಮಗ ಲೆಕ್ಕ ಕಾಣಸ್ತಾವು? ಎಂಥಾ ಎದೀರಿ ನಿಮ್ಮದು? ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನು?"

ಮಾಸ್ತರನ ಮುಖದ ಬಣ್ಣವೇ ಹೋಯಿತು. ಬಗ್ಗಿ ಆ ನಾಲ್ಕು ಚೂರುಗಳನ್ನೂ ಆರಿಸಿ ಜೇಬಿಗೆ ಹಾಕಿಕೊಂಡು, ಬಾಗಿಲಲ್ಲಿ ಎಡವಿ, ಸಾವರಿಸಿಕೊಂಡು ಹೋದ. ಅವನು ಎಡವಿದ್ದನ್ನು ಕಾಶವ್ವ ನೋಡಿದ್ದು ಅದೇ ಮೊದಲು.

ಮರುದಿನ ಐದು ಗಂಟೆಗೆ ಅವನು ಮತ್ತೆ ಬಂದ!

ಒಳಗೆ ಬರಲಿಲ್ಲ. ಎದುರುಮನೆಯ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ನಿಂತ. ಪಾಠದ ಹೊತ್ತು ಮುಗಿಯುವ ತನಕ ನಿಂತು, ಹೋದ. ಅದರ ಮರುದಿನವೂ. ಅದರ ಮರುದಿನವೂ.

ಕಾಶವ್ವ ಕಿಟಕಿಯ ಸಂದಿಯಿಂದ ನೋಡುತ್ತಿದ್ದಳು. 'ನಿಲ್ಲಲಿ. ಕಾಲು ನೋಯಲಿ' ಎನ್ನುತ್ತಿದ್ದಳು ಮೊದಮೊದಲು. ಆರನೆಯ ದಿನ ಸಿಟ್ಟು ಹಳತಾಯಿತು. ಹತ್ತನೆಯ ದಿನ ಅವನು ಬರುವ ಮುಂಚೆಯೇ ಕಿಟಕಿಯ ಬಳಿ ನಿಂತಿದ್ದಳು. ಹದಿನೇಳನೆಯ ದಿನ ಅವನ ಕಣ್ಣಿನ ಕೆಳಗೆ ಕಪ್ಪು ಬಿದ್ದಿರುವುದು ಕಂಡಿತು. ಇವನೂ ನಿದ್ದೆ ಮಾಡಿಲ್ಲ ಎಂದುಕೊಂಡಳು.

ಹದಿನೆಂಟನೆಯ ದಿನ ಅವಳು ತಲೆ ಬಾಚಿಕೊಂಡಳು. ಅಪ್ಪ ಹೋದಮೇಲೆ ಬಾಚಿದ್ದು ಅಂದೇ. ಪುಸ್ತಕ ತೆರೆದು ತಾನೇ ತಾರೀಖು ಹಾಕಿ ಐದು ಲೆಕ್ಕ ಮಾಡಿದಳು. ಎರಡು ತಪ್ಪಾಗಿರಬೇಕು, ಹಾಳೆಯ ಮೇಲೆ ನೀರು ಬಿದ್ದು ಅಂಕಿ ಕದಡಿದ್ದವು. ಐದಕ್ಕೆ ಮುಂಚೆ ಬೀದಿಬಾಗಿಲು ಪೂರಾ ತೆರೆದು, ಎದುರಿಗೆ ಕೂತಳು. 'ಬಂದರೆ ಒಳಗೆ ಬನ್ನಿ ಅಂತೀನಿ. ಇನ್ನೇನೂ ಅನ್ನೋದಿಲ್ಲ. ಅಷ್ಟು ಅಂದರೆ ಸಾಕು, ಅವರಿಗೆ ತಿಳೀತದೆ...'

ಐದಾಯಿತು. ಬೇವಿನ ಮರದ ಕೆಳಗೆ ಯಾರೂ ಇಲ್ಲ.

ಐದೂವರೆ. ಆರು. ಓಣಿಯಲ್ಲಿ ದೀಪ ಹಚ್ಚಿದರು. ಅತ್ತಿಗೆ ಬಂದು, ಸಂಜೆಹೊತ್ತು ಹೊಸ್ತಿಲಲ್ಲಿ ಕೂತದ್ದು ಸಾಕೆಂದು ಬಾಗಿಲು ಮುಂದೆ ಮಾಡಿದಳು.

'ಕಡೆಗೆ ಅವರ ಹುರುಪೂ ಇಳಿಯಿತು' ಎಂದುಕೊಂಡಳು ಕಾಶವ್ವ. ಅಂದು ಅವಳು ಅತ್ತಷ್ಟು ಅಪ್ಪನಿಗಾಗಿಯೂ ಅತ್ತಿರಲಿಲ್ಲ. ಅದಕ್ಕಾಗಿ ಮತ್ತೆ ಅತ್ತಳು.

ನಾಲ್ಕು ದಿನದಲ್ಲಿ ಸುದ್ದಿ ಬಂತು: ಮಾಸ್ತರನಿಗೆ ಖಾನಾಪುರಕ್ಕೆ ಬದಲಿಯಾಗಿದೆ, ತಾನೇ ಅರ್ಜಿ ಹಾಕಿ ಕೇಳಿಕೊಂಡನಂತೆ. ಹೇಳದೆ ಕೇಳದೆ ಹೋದನಲ್ಲ! ಅವಳು ಪುಸ್ತಕ ಕಟ್ಟಿ ಅಟ್ಟಕ್ಕೆ ಎಸೆದಳು. ಪರೀಕ್ಷೆಯ ದಿನ ಬಂದು ಹೋಯಿತು.

ಅಣ್ಣ ತಮ್ಮಣ್ಣ ಕೆಟ್ಟವನೇನಲ್ಲ, ಮೆತ್ತನೆಯ ಮನುಷ್ಯ. ಹೆಂಡತಿಯ ಮಾತು ಮೀರಲಾರ. ಬೇಸಿಗೆಯಲ್ಲಿ ತಂಗಿಯನ್ನು ರೈಲು ಹತ್ತಿಸಿ ಖಾನಾಪುರದಲ್ಲಿ ಇಳಿಸಿ, ಚಕ್ಕಡಿಯಲ್ಲಿ ನಂದಗಡಕ್ಕೆ ಒಯ್ದು ಅತ್ತೆಯ ಮನೆಯಲ್ಲಿ ಬಿಟ್ಟುಬಂದ. ಖಾನಾಪುರದ ಪೇಟೆ ದಾಟುವಷ್ಟು ಹೊತ್ತು ಕಾಶವ್ವ ಮುಖದ ಮೇಲೆ ಸೆರಗು ಎಳೆದುಕೊಂಡಿದ್ದಳು. ಅಪ್ಪ ಯಾವುದಕ್ಕೆ ಹೆದರಿದ್ದನೋ ಅದೇ ಆಯಿತು.

ಅತ್ತೆ ಬಸವಣ್ಣೆವ್ವ ಗಂಡನನ್ನು ಕಳೆದುಕೊಂಡವಳು, ಒಬ್ಬನೇ ಮಗನನ್ನೂ ಕಳೆದುಕೊಂಡವಳು. ಕಾಶವ್ವ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಮುದುಕಿಯ ಬಾಯಿಂದ ಮಾತೇ ಬರುತ್ತಿರಲಿಲ್ಲ. ನಸುಕಿಗೆ ಎದ್ದು ಸೆಗಣಿ ಬಳಿದು, ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಬಂದು, ಮತ್ತೆ ಎಮ್ಮೆ ಹಿಂಡುತ್ತಿದ್ದಳು. ನಿನ್ನೆ ಮಾಡಿದ್ದನ್ನೇ ಇಂದೂ ಅದೇ ಹೊತ್ತಿಗೆ. ಕಾಶವ್ವ ಮಾತ್ರ ಎದ್ದರೆ ಎದ್ದಳು, ಇಲ್ಲದಿದ್ದರೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದರು. ಬೆಳಗಾವಿಯಲ್ಲಿ ಓದುತ್ತಿದ್ದೆಯಂತೆ, ಯಾರು ಕಲಿಸುತ್ತಿದ್ದರು ಎಂದು ಅತ್ತೆ ಕೇಳಿದಳು. ಕಾಶವ್ವ ಒಲ್ಲದ ಮನಸ್ಸಿನಿಂದ ಹೆಸರು ಹೇಳಿದಳು.

ಮುದುಕಿಯ ಕೈ ಮೊರದ ಮೇಲೆ ನಿಂತಿತು.

"ಗುರುಪುತ್ರಪ್ಪ ಮಾಸ್ತರ? ಎತ್ತರಕ್ಕ ಅದಾನ, ಮಾತು ಕಡಿಮಿ? ಅಂವ ಮೊದಲ ಇಲ್ಲೇ ನಂದಗಡದ ಸಾಲ್ಯಾಗ ಇದ್ದ. ನೀ ಸೊಸಿ ಆಗಿ ಬರೂ ಮುಂಚೆ."

ಕಾಶವ್ವ ತಲೆ ಎತ್ತಿದಳು.

"ಆ ದೊಡ್ಡ ಜ್ವರದ ವರ್ಷ. ಮನಿಮನ್ಯಾಗ ಹೆಣಾ ಬೀಳತಿದ್ವು. ಅಂವನ ಹೆಂಡ್ತಿ ಮುಂಜಾನಿ ಹೋದ್ಲು, ಎರಡು ವರ್ಷದ ಹೆಣ್ಣಕೂಸು ಸಂಜೀಕ ಹೋತು. ಮೂರನೇ ದಿನಾ ಮಾಸ್ತರ ಸಾಲಿ ಬಾಗಲಾ ತಗದ. ಊರೆಲ್ಲಾ ಉಗುಳಿತು. ಕಟುಕ ಅಂದ್ರು, ಹೆಂಡ್ತಿ ಸತ್ತದ್ದ ಖುಷಿ ಆಗೇತಿ ಅಂದ್ರು."

ಬಸವಣ್ಣೆವ್ವ ಮೊರ ಪಕ್ಕಕ್ಕಿಟ್ಟಳು.

"ನಾ ಸಾಲಿ ಬಾಜೂಕ ಸೆಗಣಿ ಕುಳ್ಳ ಬಡೀತಿದ್ದೆ. ಕಿಡಿಕ್ಯಾಗಿಂದ ಕಂಡೆ. ನಾಕು ಹುಡುಗ್ರು ಕುಂತಿದ್ವು, ಅಂವ ಮಗ್ಗಿ ಹೇಳಿಕೊಡತಿದ್ದ. ಕಣ್ಣಾಗಿಂದ ನೀರು ಸುರೀತಿತ್ತು. ಮಗ್ಗೀನೂ ನಿಂದ್ರಲಿಲ್ಲ, ನೀರೂ ನಿಂದ್ರಲಿಲ್ಲ. ನಾ ಯಾರ ಮುಂದೂ ಹೇಳಲಿಲ್ಲ. ನನ್ನ ಮಗಾ ಹೋದಾಗ ತಿಳೀತು ನನಗ. ಆ ಎಮ್ಮಿ ಇರದಿದ್ರ ನಾ ಬಾವಿಗಿ ಬೀಳತಿದ್ದೆ, ಯವ್ವಾ. ಅದನ್ನ ಹಿಂಡಬೇಕಲ್ಲ ಅಂತ ಏಳತಿದ್ದೆ."

ಕಾಶವ್ವನ ಬೆರಳಿನಿಂದ ಜೋಳ ಉದುರಿತು.

*ನಿಮ್ಮ ಮನ್ಯಾಗ ಯಾರೂ ಸತ್ತಿಲ್ಲೇನು?*

ಅಯ್ಯೋ... ಎಂಥ ಮಾತು ಆಡಿಬಿಟ್ಟೆ! ಅಷ್ಟು ಜನರ ನಡುವೆ! ಅವನು ಲೆಕ್ಕ ತಂದಿರಲಿಲ್ಲ. ಮುಳುಗುವಾಗ ತಾನು ಹಿಡಿದು ಬದುಕಿದ ಒಂದೇ ಒಂದು ಹಗ್ಗ ತಂದು ಅವಳ ಮುಂದೆ ಚಾಚಿದ್ದ. ಅವಳು ಅದನ್ನು ನಾಲ್ಕು ಚೂರು ಮಾಡಿದ್ದಳು. ಕಾಶವ್ವ ಅತ್ತೆಯ ತೊಡೆಯ ಮೇಲೆ ತಲೆ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿದಳು; ಹೇಳಬಾರದ್ದನ್ನೂ ಹೇಳಿದಳು. ಮುದುಕಿ ಕೇಳುತ್ತ ಅವಳ ಬೆನ್ನು ಸವರುತ್ತಿದ್ದಳು.

ಕಡೆಗೆ ಅವಳು ಹೇಳಿದ್ದು ಇಷ್ಟೇ: "ದನಾ ಮನಿಗೆ ಬರೂ ಹೊತ್ತಿಗೆ ನೀ ಪಾಟಿ ಹಿಡಕೊಂಡ ಕುಂದ್ರು. ಹಾಲು ನಾ ಹಿಂಡತೀನಿ."

ಊರ ಶಾಲೆಯಿಂದ ಹಳೆಯ ಪುಸ್ತಕ ಕೇಳಿ ತಂದಳು. ಆದರೆ ಓದುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲ ದಿನ ಅತ್ತು ಅತ್ತು ಹಗುರಾದ ಮನಸ್ಸು, ಹತ್ತು ಲೆಕ್ಕವಾದರೂ ಮಾಡಿಯೇನು ಎಂದಿತು. ಐದಕ್ಕೆ ನಿಲ್ಲಿಸಿದಳು. ಎಂಟನೆಯ ದಿನ ಒಂದೂ ಬೇಡವೆಂದಿತು. ಐದು ಮಾಡಿದಳು, ಐದೂ ತಪ್ಪು.

ಮನಸ್ಸು ಬರಲಿ, ಆಮೇಲೆ ಕೂರೋಣ ಎಂದು ಇಷ್ಟು ವರ್ಷ ಕಾದಿದ್ದಳು, ಪಾಪ, ಈ ಹುಡುಗಿ. ಈಗ ಕೂತು ನೋಡಿದರೆ, ಕೆಲವು ದಿನ ಮೂರನೆಯ ಲೆಕ್ಕದ ಹೊತ್ತಿಗೆ ಮನಸ್ಸು ತಾನಾಗಿ ಬಂದು ಮಗ್ಗುಲಲ್ಲಿ ಕೂರುತ್ತಿತ್ತು. ಕೆಲವು ದಿನ ಬರುತ್ತಲೇ ಇರಲಿಲ್ಲ. ಪುಟ ಮಾತ್ರ ತುಂಬುತ್ತಿತ್ತು.

ಸುಗ್ಗಿಯಲ್ಲಿ ಬೆರಳು ಬಿರಿದು ಬಳಪ ಹಿಡಿಯಲಾಗದೆ ಒಂದೊಂದೇ ಸಾಲು ಬರೆದಳು. ಗಂಡ ಸತ್ತ ತಿಥಿಯ ದಿನ ಬಿಟ್ಟೇಬಿಟ್ಟಳು. ಮರುದಿನ ಹಳೆಯ ಕಾಶವ್ವ ಎದ್ದು, ಬಿಟ್ಟದ್ದನ್ನು ತುಂಬಲು ಹತ್ತು ಮಾಡು, ಇಲ್ಲವೇ ಎಲ್ಲ ಹೋಯಿತೆಂದು ಬಿಟ್ಟುಬಿಡು ಎಂದಳು. ಹೊಸ ಕಾಶವ್ವ ಎರಡನ್ನೂ ಕೇಳದೆ ಐದೇ ಮಾಡಿದಳು. ಆ ದಿನ, ಹೆಚ್ಚಾದದ್ದನ್ನು ಒರೆಸುವ ಕೈ ಎದುರಿಗಿಲ್ಲವಲ್ಲ ಎಂದು ಒದ್ದೆ ಅರಿವೆಯನ್ನು ತಾನೇ ಮಗ್ಗುಲಲ್ಲಿ ಇಟ್ಟುಕೊಂಡಳು.

ಹತ್ತು ಮೈಲಿ ಒಳಗೇ ಅವನಿದ್ದ. ಹೋಗಿ ಕಾಲು ಹಿಡಿಯಬೇಕೆಂದು ಎಷ್ಟೋ ಸಲ ಅನಿಸಿತು. 'ಏನಂತ ಹೋಗಲಿ? ತಪ್ಪಾಯ್ತು ಅನ್ನೋದು ಒಂದು ದಿನದ ಮಾತು. ಅದನ್ನು ಯಾರೂ ಅಂದಾರು.' ಹಾಗೆಂದುಕೊಂಡು ಪಾಟಿ ಎಳೆದುಕೊಳ್ಳುತ್ತಿದ್ದಳು.

ಒಂದು ವರ್ಷ ಹೋಯಿತು. ಇನ್ನೊಂದು ಹತ್ತಿರ ಬಂತು. ಇಪ್ಪತ್ತೆಂಟರ ಬೇಸಿಗೆಯಲ್ಲಿ ಬೆಳಗಾವಿಗೆ ಹೋಗಿ ಮುಲ್ಕಿಗೆ ಕೂತಳು. ಅಣ್ಣನ ಮನೆಯಲ್ಲಿ ಇಳಿದಿದ್ದಳು. ಕೊನೆಯ ಪತ್ರಿಕೆ ಬರೆದು ಬಂದ ಸಂಜೆ ತಮ್ಮಣ್ಣ ಅವಳ ಮುಂದೆ ಬಂದು ಕೂತ.

ಆ ಹದಿನೇಳನೆಯ ದಿನ ತಾನು ಬೇವಿನ ಮರದ ಹತ್ತಿರ ಹೋಗಿದ್ದೆ ಎಂದ. ಓಣಿಯವರು ಬಾಯಿಗೆ ಬಂದಂತೆ ಆಡುತ್ತಿದ್ದಾರೆ, ಗಂಡ ಸತ್ತ ತಂಗಿಯ ಹೆಸರು ಕೆಡುತ್ತದೆ, ಇನ್ನು ಬರಬೇಡಿರೆಂದು ಕೈಮುಗಿದು ಕೇಳಿಕೊಂಡೆ ಎಂದ. ಮಾಸ್ತರ 'ಅಕಿ ಹೆಸರು ಕೆಡಬಾರದು' ಎಂದಷ್ಟೇ ಹೇಳಿ ಹೋದನಂತೆ.

"ನೀ ಮರುದಿನ ಬಾಗಲಾ ತಗದು ಕುಂತದ್ದು ನೋಡಿದೆ, ಕಾಶಿ," ಎಂದ ತಮ್ಮಣ್ಣ. "ಹೇಳಾಕ ಬಾಯಿ ಬರಲಿಲ್ಲ."

ಕಾಶವ್ವ ಅಣ್ಣನನ್ನು ಬೈಯಲಿಲ್ಲ. ಬೈಯಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಮುಲ್ಕಿ ಪಾಸಾಯಿತು. ಕೆಲಸದ ಅರ್ಜಿಯಲ್ಲಿ ಯಾವ ಊರು ಬೇಕೆಂಬಲ್ಲಿ 'ಖಾನಾಪುರ' ಎಂದು ಬರೆದಳು. ಜೂನ್ ತಿಂಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಹಾಜರಾಗಬೇಕೆಂದು ಕಾಗದ ಬಂತು. ಶಾಲೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದಾಯಿತು. ತಾನೂ ಬಂದು ಇರುತ್ತೇನೆ ಎಂದು ಬಸವಣ್ಣೆವ್ವ ಎಮ್ಮೆಯನ್ನು ನೆಂಟರಿಗೆ ಒಪ್ಪಿಸಿ ಹೊರಟಳು.

ಹಾಜರಾದ ದಿನವೇ, ಸಂಜೆ, ಅತ್ತೆ ಸೊಸೆ ಇಬ್ಬರೂ ಮಲಪ್ರಭೆಯ ದಂಡೆಯ ಕಡೆ ಮಾಸ್ತರನ ಸಣ್ಣ ಮನೆ ಹುಡುಕಿಕೊಂಡು ಹೋದರು. ಬಸವಣ್ಣೆವ್ವ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗೆ ಹೋಗೆಂದು ಕಣ್ಣಲ್ಲೇ ಹೇಳಿದಳು.

ಐದು ಗಂಟೆಯಾಗಿತ್ತು. ಗುರುಪುತ್ರಪ್ಪ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಮುಂದೆ ಪುಸ್ತಕವಿಲ್ಲ, ಪಾಟಿಯಿಲ್ಲ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಎದ್ದು ನಿಂತ. ನಿಂತವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

"ಬರ್ರಿ... ಕುಂದರ್ರಿ."

ಕಾಶವ್ವ ಕೂತಳು. ಪಾಸಾದದ್ದು, ಇಲ್ಲಿಗೆ ಬಂದದ್ದು ಹೇಳಿದಳು. ಅವನು ಒಳ್ಳೇದಾತು ಎಂದ.

"ನಾ ಆವತ್ತ ಆ ಮಾತು ಆಡಬಾರದಿತ್ರಿ," ಎಂದಳು ಕಡೆಗೆ. "ನಂದಗಡದಾಗ ನಮ್ಮ ಅತ್ತಿ ಎಲ್ಲಾ ಹೇಳಿದ್ಲು."

ಅವನು ಅವಳೆದುರಿಗೆ ಕೂತ.

"ಅವರು ಹೋಗಿ ಆವಾಗ ಏಳು ವರ್ಷ ಆಗಿತ್ತು," ಎಂದ. "ಕಲ್ಲು ಅಂದವರು ಭಾಳ ಮಂದಿ. ನಿಮ್ಮ ಮನ್ಯಾಗ ಯಾರಾದ್ರೂ ಸತ್ತಾರೇನು ಅಂತ ಕೇಳಿದಾಕಿ ನೀ ಒಬ್ಬಾಕಿ. ಸಿಟ್ಟಿಲೆ ಕೇಳಿದಿ, ಖರೇ. ಆದ್ರೂ ಕೇಳಿದಿ. ಮನಿಗೆ ಹೋಗಿ ಬಾಗಲಾ ಹಾಕ್ಕೊಂಡು ಅತ್ತೆ, ಕಾಶವ್ವ. ಹುಡುಗ್ರ ಮುಂದ ಮಗ್ಗಿ ಹೇಳಿಕೋತ ಅತ್ತಿದ್ದೆ, ಹೆಸರು ಹಿಡದು ಅತ್ತಿರಲಿಲ್ಲ."

"ಮತ್ತ ಮರುದಿನಾ ಬಂದ್ರಿ..."

"ಬರಲಾರದ ಇರಾಕ ಆಗಲಿಲ್ಲ. ನಿಮ್ಮಪ್ಪ ಹೋದಾಗ ನಿನಗ ಕೊಡಾಕ ನನ್ನ ಹತ್ರ ಅದೊಂದ ಇತ್ತು. ಬ್ಯಾರೆ ಮಾತು ನನಗ ಬರ್ತಿರಲಿಲ್ಲ."

ಕಾಶವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಇದನ್ನು ಹೇಳದೆಯೂ ಇರಬಹುದಿತ್ತು. ಆದರೆ ಎರಡು ವರ್ಷ ಹೊತ್ತಿದ್ದಳು, ಇನ್ನು ಹೊರಲಾರಳು.

"ಹದಿನೆಂಟನೇ ದಿನಾ ನಾ ಬಾಗಲಾ ತಗದು ಕುಂತಿದ್ದೆ. ಐದು ಲೆಕ್ಕ ಮಾಡಿ."

ಗುರುಪುತ್ರಪ್ಪ ತಲೆ ಎತ್ತಿದ. ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಒಂದು ದಿನ... ಒಂದೇ ಒಂದು ದಿನ ಹೆಚ್ಚು ಬಂದಿದ್ದರೆ! ಅವನ ಭುಜ ಕುಲುಕುತ್ತಿತ್ತು. ಎರಡು ವರ್ಷ ಇಬ್ಬರೂ ಹತ್ತು ಮೈಲಿ ಅಂತರದಲ್ಲಿ, ತಾನು ಬೇಡವಾದೆನೆಂದುಕೊಂಡು ಕಳೆದಿದ್ದರು. ಆ ವರ್ಷಗಳು ಯಾರ ಅರ್ಜಿಗೂ ಹಿಂದಿರುಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಅಳಬೇಡಿರೆನ್ನಲಿಲ್ಲ. ಹತ್ತಿರ ಸರಿದು ಕೂತಳು. ಅವನ ಅಳು ತಾನಾಗಿ ಇಳಿದ ಮೇಲೆ ಮೆಲ್ಲಗೆ ಕೇಳಿದಳು.

"ಕೂಸಿನ ಹೆಸರೇನ್ರಿ?"

ಹತ್ತು ವರ್ಷದಿಂದ ಆ ಹೆಸರು ಅವನ ಬಾಯಿಂದ ಇನ್ನೊಬ್ಬರ ಕಿವಿಗೆ ಬಿದ್ದಿರಲಿಲ್ಲ. ಎರಡು ಸಲ ಪ್ರಯತ್ನಿಸಿದ.

"ಮಾಯವ್ವ... ನಾ ಮಾಯಿ ಅಂತಿದ್ದೆ. ನಾ ಬರಿಯಾಕ ಕುಂತ್ರ ಪುಸ್ತಕದ ಮ್ಯಾಲ ಬಂದು ಕುಂದರತಿತ್ತು. ಏಳು ಅಂದ್ರ ಏಳತಿರಲಿಲ್ಲ."

ಹೇಳುತ್ತ ಹೇಳುತ್ತ ಅವನು ನಕ್ಕ. ಗುರುಪುತ್ರಪ್ಪ ಮಾಸ್ತರ ನಕ್ಕದ್ದನ್ನು ಕಾಶವ್ವ ನೋಡಿರಲೇ ಇಲ್ಲ. ಆ ನಗುವಿಗೆ ಅವಳ ಕಣ್ಣು ತುಂಬಿ ಬಂತು.

ಹೊರಗಿನಿಂದ ಬಸವಣ್ಣೆವ್ವ ಕೆಮ್ಮಿದಳು. ಹೊಸ್ತಿಲಿಗೆ ಬಂದು ನಿಂತಳು. ಮಾತು ಕಡಿಮೆಯ ಮುದುಕಿ ಅಂದು ದೊಡ್ಡ ಮಾತನ್ನೇ ಆಡಿದಳು.

"ಮಾಸ್ತರ, ನನ್ನ ಮಗಾ ಹೋಗಿ ಐದು ವರ್ಷಾತು. ಇಕಿ ನನಗ ಮಗಳು ಈಗ. ನಮ್ಮೊಳಗ ಉಡಕಿ ಐತಿ, ಗಂಡ ಸತ್ತಾಕಿಗೆ ಮತ್ತ ಸೀರಿ ಉಡಿಸಿ ಮನಿ ತುಂಬಿಸೂದು ಹೊಸಾದಲ್ಲ. ಕೇಳಾಕ ಇಕಿಗೆ ಅಪ್ಪ ಇಲ್ಲ. ಕೊಡಾಕ ನಾ ಬಂದೀನಿ."

ಹೇಳಿ ಮುಗಿಸಿ, ಮಗನ ನೆನಪಾಯಿತೇನೋ, ಸೆರಗಿನಿಂದ ಬಾಯಿ ಒತ್ತಿಕೊಂಡು ನದಿಯ ಕಡೆ ತಿರುಗಿ ನಿಂತಳು.

ಗುರುಪುತ್ರಪ್ಪ ಎದ್ದು ಹೋಗಿ ಅವಳ ಕಾಲಿಗೆ ಬಿದ್ದ. ಕಾಶವ್ವ ತಲೆ ತಗ್ಗಿಸಿ ಕೂತಿದ್ದಳು. ಶ್ರಾವಣ ಕಳೆಯಲಿ, ಮಠದ ಅಯ್ಯನವರನ್ನು ಕೇಳಿ ದಿನ ಗೊತ್ತುಮಾಡೋಣ ಎಂದು ಹಿರಿಯಳು ಹೇಳಿದ್ದು ಇಬ್ಬರಿಗೂ ಅರ್ಧ ಮಾತ್ರ ಕೇಳಿತು.

ಹೊರಡುವಾಗ ಅವನು ಬಾಗಿಲ ತನಕ ಬಂದ. ಶಾಲೆಗೆ ಹೊಸದಾಗಿ ಬಂದ ಹುಡುಗನ ಹಾಗೆ ತಡವರಿಸಿದ.

"ಅಲ್ಲೀತನಕಾ... ದಿನಾ ಬರ್ತೀಯೇನು, ಅತ್ತೀನ ಕರಕೊಂಡು?"

"ಬರ್ತೀನ್ರಿ. ಮನಸ್ಸಿಲ್ಲದ ದಿನಾನೂ ಬರ್ತೀನಿ."

"ಅಂಥಾ ದಿನಾ ನೀ ಬರಬ್ಯಾಡ," ಎಂದ ಗುರುಪುತ್ರಪ್ಪ. "ಆ ದಿನಾ ನಾ ಬರ್ತೀನಿ."